ಮೊದಲು ಹಣ, ಆಮೇಲೆ ಅವಕಾಶ?

2017ರ ಫೆಬ್ರುವರಿಯಲ್ಲಿ ಲಾಸ್ ಏಂಜಲೀಸ್ ನಗರದ ಸಿಟಿ ಅಟಾರ್ನಿ ಮೈಕ್ ಫ್ಯೂಯರ್ ಐದು ನಟನಾ ಕಾರ್ಯಾಗಾರಗಳಿಗೆ ಸಂಬಂಧಪಟ್ಟ 25 ಮಂದಿಯ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಿದರು. ಆರೋಪಿಗಳಲ್ಲಿ ಕಾರ್ಯಾಗಾರ ನಡೆಸುವವರ ಜತೆಗೆ, ಧಾರಾವಾಹಿ ಮತ್ತು ಸಿನಿಮಾಗಳಿಗೆ ಕಲಾವಿದರನ್ನು ಆರಿಸುವ ಕಾಸ್ಟಿಂಗ್ ಡೈರೆಕ್ಟರುಗಳೂ ಅವರ ಸಹಾಯಕರೂ ಇದ್ದರು. ಸಾಕ್ಷ್ಯ ಕಲೆಹಾಕಲು ತನಿಖೆಯವರು ಒಬ್ಬ ವೃತ್ತಿಪರ ನಟನನ್ನೇ ಮಾಮೂಲಿ ಅಭ್ಯರ್ಥಿಯಂತೆ ಒಳಗೆ ಕಳುಹಿಸಿದ್ದರು.

ಆ ಕೋಣೆಗಳಲ್ಲಿ ನಡೆಯುತ್ತಿದ್ದುದು ಇಷ್ಟು. ಸಂಜೆ ಒಂದಷ್ಟು ನಟನಟಿಯರು ಶುಲ್ಕ ಕಟ್ಟಿ ಬಂದು ಕೂರುತ್ತಾರೆ. ಎದುರಿಗೆ ಯಾವುದೋ ಜನಪ್ರಿಯ ಸರಣಿಗೆ ಕಲಾವಿದರನ್ನು ಆರಿಸುವ ಕಚೇರಿಯವರು ಕೂತಿರುತ್ತಾರೆ. ಇಬ್ಬಿಬ್ಬರಾಗಿ ಎದ್ದು ಒಂದು ಪುಟ್ಟ ದೃಶ್ಯ ಅಭಿನಯಿಸಬೇಕು, ಆಮೇಲೆ ಎರಡು ಮಾತಿನ ಅಭಿಪ್ರಾಯ ಕೇಳಿಸಿಕೊಳ್ಳಬೇಕು. ಫೋಟೊ ಮತ್ತು ಬಯೊಡೇಟ ಮೇಜಿನ ಮೇಲೆ ಉಳಿಯುತ್ತವೆ. ರಸೀದಿಯಲ್ಲಿ ಬರೆದಿರುವುದು ‘ತರಗತಿ’ ಎಂದು. ಬಂದವರಲ್ಲಿ ಹೆಚ್ಚಿನವರು ದುಡ್ಡು ಕೊಟ್ಟದ್ದು ಮಾತ್ರ ಕಲಿಯುವುದಕ್ಕಲ್ಲ, ಆ ಒಬ್ಬರ ಕಣ್ಣಿಗೆ ಬೀಳುವುದಕ್ಕೆ. ಆಡಿಷನ್‌ಗೆ ಹಣ ಕೀಳುವುದು ಕ್ಯಾಲಿಫೋರ್ನಿಯದಲ್ಲಿ ಅಪರಾಧ. ತರಗತಿಯ ಹೆಸರಿನಲ್ಲಿ ಮಾರಾಟವಾದದ್ದು ಆಡಿಷನ್ನೇ ಎಂಬುದು ಸರ್ಕಾರದ ವಾದವಾಗಿತ್ತು.

ಮನರಂಜನಾ ಉದ್ಯಮದಲ್ಲಿ ಮೇಲೆ ಬರಲು ಸಲಹೆ ಬೇಕು, ಸಲಹೆಗೆ ಹಣ ಬೇಕು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಯಾರಿಗೆ, ಯಾವುದಕ್ಕೆ, ಯಾವಾಗ ಕೊಡಬೇಕು ಎಂಬ ಮೂರು ಪ್ರಶ್ನೆಗಳ ಸುತ್ತ ಹಾಲಿವುಡ್ ನೂರು ವರ್ಷಕ್ಕೂ ಹೆಚ್ಚು ಕಾಲ ಜಗಳವಾಡಿದೆ, ಕಾನೂನು ಮಾಡಿದೆ, ಕೋರ್ಟಿನ ಮೆಟ್ಟಿಲು ಹತ್ತಿದೆ. ಆ ಅನುಭವ ನಮ್ಮ ಗಾಂಧಿನಗರದ ಸುತ್ತ ಅಲೆಯುವ ಹುಡುಗ ಹುಡುಗಿಯರಿಗೂ ಅವರ ತಂದೆತಾಯಂದಿರಿಗೂ ನೇರವಾಗಿ ಉಪಯೋಗಕ್ಕೆ ಬರುವಂಥದ್ದು.

ಈ ಸಲಹೆಯ ಮಾರುಕಟ್ಟೆ ಹುಟ್ಟುವುದೇ ಅನಿಶ್ಚಿತತೆಯಲ್ಲಿ. ವೈದ್ಯರಾಗಲು ಏನು ಓದಬೇಕು, ಎಷ್ಟು ವರ್ಷ ಓದಬೇಕು ಎಂಬುದು ಎಲ್ಲರಿಗೂ ಗೊತ್ತು. ನಟನಾಗಲು, ಚಿತ್ರಕಥೆ ಬರೆಯುವವನಾಗಲು ಅಂಥ ಗೊತ್ತಾದ ದಾರಿಯಿಲ್ಲ. ಅಮೆರಿಕದ ಚಲನಚಿತ್ರ ಅಕಾಡೆಮಿ 1986ರಿಂದ ಹೊಸ ಚಿತ್ರಕಥೆಗಾರರಿಗೆ ನಿಕೋಲ್ ಫೆಲೊಷಿಪ್ ಕೊಡುತ್ತಿದೆ. ಒಂದೊಂದು ವರ್ಷ ಸಾವಿರಾರು ಚಿತ್ರಕಥೆಗಳು ಸ್ಪರ್ಧೆಗೆ ಬರುತ್ತವೆ, ಗೆಲ್ಲುವವರು ಬೆರಳೆಣಿಕೆಯಷ್ಟು. ಸೋತ ಸಾವಿರಾರು ಮಂದಿಯಲ್ಲಿ ಪ್ರತಿಯೊಬ್ಬರೂ ಕೇಳುವುದು ಒಂದೇ ಪ್ರಶ್ನೆ: ನನ್ನಲ್ಲಿ ಕಡಿಮೆ ಬಿದ್ದದ್ದೇನು? ಉತ್ತರ ತನಗೆ ಗೊತ್ತು ಎನ್ನುವವರಿಗೆ ಅಲ್ಲಿ ಗಿರಾಕಿಗಳ ಬರ ಬರುವುದಿಲ್ಲ. ಹೇಳುವವರಲ್ಲಿ ನಿಜಕ್ಕೂ ಗೊತ್ತಿರುವವರೂ ಇದ್ದಾರೆ, ಏನೂ ಗೊತ್ತಿಲ್ಲದವರೂ ಇದ್ದಾರೆ. ಹೊಸಬರಿಗೆ ಇಬ್ಬರನ್ನೂ ಬೇರ್ಪಡಿಸಿ ನೋಡುವುದು ಕಷ್ಟ.

ಹೆಸರು ಮಾಡಿದ ಕಲಾವಿದರ ಸುತ್ತ ಒಂದು ಸಲಹಾ ಬಳಗವೇ ಇರುತ್ತದೆ. ಏಜೆಂಟ್ ಕೆಲಸ ಹುಡುಕಿ ಕೊಡುತ್ತಾನೆ. ಅವನ ಪಾಲು ವಾಡಿಕೆಯಂತೆ ಶೇ 10. ಮ್ಯಾನೇಜರ್ ಯಾವ ಪಾತ್ರ ಒಪ್ಪಬೇಕು, ಯಾವುದನ್ನು ಬಿಡಬೇಕು, ಐದು ವರ್ಷದ ಮೇಲೆ ಎಲ್ಲಿರಬೇಕು ಎಂದು ದಾರಿ ತೋರಿಸುತ್ತಾನೆ; ಅವನಿಗೆ ಶೇ 10ರಿಂದ 15. ಕರಾರು ಓದುವ ವಕೀಲರು ಗಂಟೆಯ ಲೆಕ್ಕದಲ್ಲಿ ಇಲ್ಲವೇ ಶೇ 5ರ ಲೆಕ್ಕದಲ್ಲಿ ಪಡೆಯುತ್ತಾರೆ. ಹಣಕಾಸು ನೋಡುವ ಬಿಸಿನೆಸ್ ಮ್ಯಾನೇಜರ್‌ಗೆ ಸಾಮಾನ್ಯವಾಗಿ ಇನ್ನೊಂದು ಶೇ 5. ಹತ್ತು ಸಾವಿರ ಡಾಲರ್ ಸಂಭಾವನೆ ಬಂದರೆ ಇವರೆಲ್ಲರ ಪಾಲು ಸೇರಿ ಮೂರು ಸಾವಿರದಿಂದ ಮೂರೂವರೆ ಸಾವಿರದವರೆಗೆ ಹೋಗುತ್ತದೆ. ಆಮೇಲೆ ತೆರಿಗೆ. ಪ್ರಚಾರ ನೋಡಿಕೊಳ್ಳುವವರಿದ್ದರೆ ಅವರಿಗೆ ತಿಂಗಳ ಸಂಬಳ ಬೇರೆ.

ಲೆಕ್ಕ ಭಾರವಾಗಿ ಕಾಣುತ್ತದೆ. ಆದರೂ ಅದರಲ್ಲೊಂದು ನ್ಯಾಯವಿದೆ. ಶೇಕಡಾವಾರು ಪಡೆಯುವವನಿಗೆ ಕಲಾವಿದನ ಕೈಗೆ ದುಡ್ಡು ಬಂದ ಮೇಲೆಯೇ ಪಾಲು. ಕೆಲಸ ಸಿಗದ ವರ್ಷ ಏಜೆಂಟನ ಪಾಲೂ ಸೊನ್ನೆ. ಸಲಹೆ ಕೊಟ್ಟವನೂ ಸಲಹೆ ಪಡೆದವನೂ ಒಟ್ಟಿಗೆ ಗೆಲ್ಲಬೇಕು, ಒಟ್ಟಿಗೆ ಸೋಲಬೇಕು.

ಇಂಥ ಸಲಹೆ ಎಷ್ಟು ಬೆಲೆ ಬಾಳಬಲ್ಲುದು ಎಂಬುದಕ್ಕೆ 1950ರ ‘ವಿಂಚೆಸ್ಟರ್ 73’ ಚಿತ್ರದ ಒಪ್ಪಂದ ಪ್ರಸಿದ್ಧ ಉದಾಹರಣೆ. ನಟ ಜೇಮ್ಸ್ ಸ್ಟುವರ್ಟ್ ಕೇಳುವಷ್ಟು ಸಂಭಾವನೆ ಕೊಡುವ ಶಕ್ತಿ ಯೂನಿವರ್ಸಲ್ ಸ್ಟುಡಿಯೊಗೆ ಆಗ ಇರಲಿಲ್ಲ. ಅವರ ಏಜೆಂಟ್ ಲ್ಯೂ ವಾಸರ್‌ಮನ್ ಮುಂಗಡ ಸಂಭಾವನೆಯ ಬದಲು ಚಿತ್ರದ ಲಾಭದಲ್ಲಿ ಪಾಲು ಕೇಳಿದರು. ಚಿತ್ರ ಗೆದ್ದಿತು. ಸ್ಟುವರ್ಟ್‌ಗೆ ಮಾಮೂಲಿ ಸಂಭಾವನೆಗಿಂತ ಎಷ್ಟೋ ಹೆಚ್ಚು ಹಣ ಬಂತು. ಅದಕ್ಕಿಂತ ಮುಖ್ಯವಾಗಿ, ದೊಡ್ಡ ನಟರು ಲಾಭದ ಪಾಲುದಾರರಾಗುವ ಪದ್ಧತಿ ಹಾಲಿವುಡ್‌ನಲ್ಲಿ ಬೇರೂರಿತು. ಇಂದು ನಮ್ಮ ಚಿತ್ರರಂಗಗಳ ತಾರೆಯರು ಸಂಭಾವನೆಯ ಜತೆಗೆ ಲಾಭದಲ್ಲಿ ಪಾಲು ಕೇಳುವುದರ ಹಿಂದೆಯೂ ಆ ಲೆಕ್ಕಾಚಾರವಿದೆ.

ಇದಕ್ಕೆ ತೀರ ವಿರುದ್ಧವಾದ ಕಥೆ ಎಲ್ವಿಸ್ ಪ್ರೀಸ್ಲಿಯದು. ಅವರ ಮ್ಯಾನೇಜರ್ ‘ಕರ್ನಲ್’ ಟಾಮ್ ಪಾರ್ಕರ್ 1967ರ ಒಪ್ಪಂದದ ನಂತರ ಹಲವು ಬಾಬ್ತುಗಳಲ್ಲಿ ಅರ್ಧಕ್ಕರ್ಧ ಪಾಲು ಪಡೆಯುತ್ತಿದ್ದರು. 1973ರಲ್ಲಿ ಎಲ್ವಿಸ್ ಅದುವರೆಗೆ ಹಾಡಿದ್ದ ಧ್ವನಿಮುದ್ರಿಕೆಗಳ ಮುಂದಿನ ರಾಯಧನವೆಲ್ಲ 54 ಲಕ್ಷ ಡಾಲರಿಗೆ ಆರ್‌ಸಿಎ ಕಂಪನಿಗೆ ಮಾರಾಟವಾಯಿತು. ಪಾರ್ಕರ್ ಹುಟ್ಟಿದ್ದು ನೆದರ್‌ಲೆಂಡ್ಸಿನಲ್ಲಿ. ಅವರ ಹತ್ತಿರ ಅಮೆರಿಕದ ಪಾಸ್‌ಪೋರ್ಟ್ ಇರಲಿಲ್ಲ. ಜಗತ್ತೆಲ್ಲ ಕರೆಯುತ್ತಿದ್ದ ಗಾಯಕ ಕೆನಡಾ ಒಂದನ್ನು ಬಿಟ್ಟರೆ ಹೊರದೇಶದಲ್ಲಿ ಕಛೇರಿಯನ್ನೇ ಕೊಡಲಿಲ್ಲ. 1977ರಲ್ಲಿ ಎಲ್ವಿಸ್ ತೀರಿಕೊಂಡ ಮೇಲೆ, ಅವರ ಅಪ್ರಾಪ್ತ ಮಗಳ ಹಿತ ಕಾಯಲು ಮೆಂಫಿಸ್ ನ್ಯಾಯಾಲಯ ನೇಮಿಸಿದ ವಕೀಲರು ಲೆಕ್ಕಪತ್ರ ತೆಗೆದು ನೋಡಿದಾಗ ಇದೆಲ್ಲ ಬಯಲಿಗೆ ಬಂತು. ಪಾರ್ಕರ್ ಇಲ್ಲದಿದ್ದರೆ ಎಲ್ವಿಸ್ ಅಷ್ಟು ಎತ್ತರಕ್ಕೆ ಏರುತ್ತಿದ್ದರೇ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಆದರೆ ಪಾರ್ಕರ್‌ಗೆ ಅನುಕೂಲವಾದದ್ದೇ ಎಲ್ವಿಸ್‌ಗೂ ಹಿತವೆಂದು ಯಾರೂ ಪರೀಕ್ಷಿಸದೆ ಒಪ್ಪಿಕೊಂಡದ್ದು ಆ ಕಥೆಯ ದುರಂತ.

1990ರ ದಶಕದಲ್ಲಿ ಬ್ಯಾಕ್‌ಸ್ಟ್ರೀಟ್ ಬಾಯ್ಸ್ ತಂಡವನ್ನು ಕಟ್ಟಿದ ಲೂ ಪರ್ಲ್‌ಮನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರೇ ಮ್ಯಾನೇಜರ್, ಅವರೇ ನಿರ್ಮಾಪಕ. ಅದು ಸಾಲದೆ ಐವರು ಹುಡುಗರ ತಂಡದ ‘ಆರನೆಯ ಸದಸ್ಯ’ನೆಂದೂ ಪಾಲು ತೆಗೆದುಕೊಂಡರು. ಹುಡುಗರು 1998ರಲ್ಲಿ ಕೋರ್ಟಿಗೆ ಹೋದರು. ಪರ್ಲ್‌ಮನ್‌ಗೆ 2008ರಲ್ಲಿ ಹೂಡಿಕೆದಾರರಿಗೆ ಮಾಡಿದ ಬೇರೆಯದೇ ವಂಚನೆಗಾಗಿ 25 ವರ್ಷದ ಶಿಕ್ಷೆಯಾಯಿತು. ಸಲಹೆ ಕೊಡುವವನೂ ಅವನೇ, ಎದುರು ಕಡೆ ಕೂತು ಸಹಿ ಹಾಕುವವನೂ ಅವನೇ ಆದರೆ ಕಲಾವಿದನ ಪರವಾಗಿ ಮಾತಾಡಲು ಯಾರೂ ಉಳಿಯುವುದಿಲ್ಲ.

ಈ ಅಪಾಯವನ್ನು ಕಾನೂನಿನಿಂದ ಕಟ್ಟಿಹಾಕಲು ಕ್ಯಾಲಿಫೋರ್ನಿಯ ಮಾಡಿದಷ್ಟು ಪ್ರಯತ್ನವನ್ನು ಬೇರೆಡೆ ಕಾಣುವುದು ಅಪರೂಪ. ಅಲ್ಲಿನ ಟ್ಯಾಲೆಂಟ್ ಏಜೆನ್ಸೀಸ್ ಕಾಯ್ದೆಯ ಪ್ರಕಾರ ಕಲಾವಿದರಿಗೆ ಕೆಲಸ ಕೊಡಿಸುವ ವೃತ್ತಿ ನಡೆಸಲು ಲೇಬರ್ ಕಮಿಷನರ್ ಕಚೇರಿಯ ಪರವಾನಗಿ ಬೇಕು, 50 ಸಾವಿರ ಡಾಲರಿನ ಭದ್ರತಾ ಬಾಂಡ್ ಇಡಬೇಕು, ಎಷ್ಟು ಕಮಿಷನ್ ಪಡೆಯುತ್ತೇವೆಂಬ ಪಟ್ಟಿಯನ್ನು ಮೊದಲೇ ಸಲ್ಲಿಸಬೇಕು. ಮ್ಯಾನೇಜರ್‌ಗೆ ಪರವಾನಗಿ ಬೇಡ. ಹಾಗೆಂದು ಆತ ಕೆಲಸ ಕೊಡಿಸುವ ವ್ಯವಹಾರಕ್ಕೆ ಕೈ ಹಾಕುವಂತಿಲ್ಲ. ಧ್ವನಿಮುದ್ರಣದ ಒಪ್ಪಂದಗಳಿಗೆ ಮಾತ್ರ ವಿನಾಯಿತಿ.

ಕಾಗದದ ಮೇಲೆ ಗೆರೆ ಸ್ಪಷ್ಟವಾಗಿದೆ, ವ್ಯವಹಾರದಲ್ಲಿ ಅಲ್ಲ. ದಾರಿ ತೋರಿಸುವವನು ಒಂದು ಫೋನ್ ಮಾಡಿ ಪಾತ್ರವನ್ನೂ ಕೊಡಿಸದಿದ್ದರೆ ಅವನನ್ನು ಯಾರು ಇಟ್ಟುಕೊಳ್ಳುತ್ತಾರೆ? 1967ರಲ್ಲಿ ಜೆಫರ್ಸನ್ ಏರ್‌ಪ್ಲೇನ್ ಎಂಬ ರಾಕ್ ತಂಡ ಮತ್ತು ಅದರ ಮ್ಯಾನೇಜರ್ ನಡುವಿನ ಮೊಕದ್ದಮೆಯಲ್ಲಿ ಕ್ಯಾಲಿಫೋರ್ನಿಯದ ಮೇಲ್ಮನವಿ ನ್ಯಾಯಾಲಯ ಒಂದು ಮುಖ್ಯ ಮಾತು ಹೇಳಿತು. ‘ನಾನು ಕೆಲಸ ಕೊಡಿಸುವವನಲ್ಲ’ ಎಂದು ಕರಾರಿನಲ್ಲಿ ಬರೆದುಕೊಂಡ ಮಾತ್ರಕ್ಕೆ ಆಗದು, ಆತ ನಿಜಕ್ಕೂ ಏನು ಮಾಡಿದ ಎಂಬುದನ್ನು ನೋಡಬೇಕು. ನಲವತ್ತು ವರ್ಷದ ನಂತರ ನಟಿ ರೋಸಾ ಬ್ಲಾಸಿಯ ಪ್ರಕರಣ ಬಂತು. ಕಮಿಷನ್ ಕೊಡುವುದನ್ನು ಆಕೆ ನಿಲ್ಲಿಸಿದಾಗ ಮ್ಯಾನೇಜ್‌ಮೆಂಟ್ ಸಂಸ್ಥೆ ಕೋರ್ಟಿಗೆ ಹೋಯಿತು. ಪರವಾನಗಿಯಿಲ್ಲದೆ ಪಾತ್ರ ಕೊಡಿಸಿದ್ದರಿಂದ ಒಪ್ಪಂದವೇ ಅಸಿಂಧು ಎಂದು ಆಕೆ ವಾದಿಸಿದರು. ಒಂದು ತಪ್ಪಿಗೆ ಇಡೀ ಒಪ್ಪಂದ ಬಿದ್ದುಹೋಗಬೇಕಿಲ್ಲ, ಕಾನೂನುಬದ್ಧ ಸಲಹೆಯ ಭಾಗವನ್ನು ಬೇರ್ಪಡಿಸಿ ಅದರ ಹಣ ಕೊಡಿಸಬಹುದು ಎಂದು 2008ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಪ್ರಾಮಾಣಿಕ ಸಲಹೆಗೆ ಬೆಲೆಯಿದೆ ಎಂಬುದನ್ನು ಈ ತೀರ್ಪು ಎತ್ತಿಹಿಡಿಯಿತು.

ಇಲ್ಲಿಯವರೆಗಿನದು ಈಗಾಗಲೇ ಕೆಲಸ ಸಿಕ್ಕವರ ಮಾತು. ಹೆಚ್ಚು ಕಣ್ಣೀರು ಬಿದ್ದಿರುವುದು ಇನ್ನೂ ಬಾಗಿಲಲ್ಲೇ ನಿಂತವರ ಮನೆಗಳಲ್ಲಿ. ಅಲ್ಲಿನ ಮೋಸಕ್ಕೆ ಒಂದು ಪಕ್ಕಾ ಕ್ರಮವಿದೆ. ಮಾಲ್‌ನಲ್ಲಿ ತಾಯಿಯ ಜತೆ ಓಡಾಡುವ ಮಗುವನ್ನು ನೋಡಿ ಒಬ್ಬರು ನಿಲ್ಲಿಸುತ್ತಾರೆ, ಮುಖದಲ್ಲಿ ಕಳೆಯಿದೆ ಎನ್ನುತ್ತಾರೆ, ಕಾರ್ಡ್ ಕೊಡುತ್ತಾರೆ. ವಾರಾಂತ್ಯಕ್ಕೆ ಹೋಟೆಲಿನ ಸಭಾಂಗಣಕ್ಕೆ ಕರೆ ಬರುತ್ತದೆ. ಹೋಗಿ ನೋಡಿದರೆ ಅಂಥದೇ ಹತ್ತಾರು ಕುಟುಂಬಗಳು. ಪರದೆಯ ಮೇಲೆ ಗೆದ್ದವರ ಚಿತ್ರಗಳು. ಮಗು ಕ್ಯಾಮೆರಾ ಮುಂದೆ ಜಾಹೀರಾತಿನ ನಾಲ್ಕು ಸಾಲು ಓದುತ್ತದೆ. ಮರುದಿನ ಫೋನ್: ‘ನೂರಾರು ಜನರಲ್ಲಿ ನಿಮ್ಮ ಮಗು ಆಯ್ಕೆಯಾಗಿದೆ.’ ಮತ್ತೆ ಹೋದಾಗ ಒಂದು ಸಣ್ಣ ಕೋಣೆ, ಒಂದು ಕರಾರುಪತ್ರ. ಫೋಟೊ, ವಿಡಿಯೊ, ತರಬೇತಿ, ಏಜೆಂಟರ ಮುಂದೆ ಪ್ರದರ್ಶನ ಎಲ್ಲ ಸೇರಿ ಸಾವಿರಾರು ಡಾಲರ್. ಜಾಗ ಕಡಿಮೆ, ಈ ರಾತ್ರಿಯೇ ಹೇಳಬೇಕು. ಬೇಡವೆಂದರೆ ಮಗುವಿನ ಭವಿಷ್ಯಕ್ಕೆ ತಾವೇ ಅಡ್ಡಿಯಾದೆವೆಂಬ ಅಳುಕು ಹೆತ್ತವರನ್ನು ಕಾಡುವಂತೆ ಮಾತು ಹೆಣೆದಿರುತ್ತಾರೆ. ಸಹಿ ಬೀಳುವುದು ಆ ಅಳುಕಿನಿಂದ.

2010ರ ಜನವರಿ 1ರಂದು ಜಾರಿಗೆ ಬಂದ ಕ್ರೆಕೋರಿಯನ್ ಕಾಯ್ದೆ ಗುರಿಯಿಟ್ಟದ್ದು ಈ ಸಣ್ಣ ಕೋಣೆಗೆ. ಶಾಸಕ ಪಾಲ್ ಕ್ರೆಕೋರಿಯನ್ ಮಂಡಿಸಿದ ಈ ಕಾನೂನು, ಕಲಾವಿದರನ್ನು ಪ್ರತಿನಿಧಿಸುತ್ತೇವೆಂದು ಹೇಳಿ ಮುಂಗಡ ಹಣ ಪಡೆಯುವುದನ್ನು ನಿಷೇಧಿಸಿತು. ಫೋಟೊ, ವೆಬ್‌ಸೈಟ್, ನೋಂದಣಿ ಮುಂತಾದ ಹೆಸರಿನಲ್ಲಿ ಕೇಳಿದರೂ ಅದು ಮುಂಗಡವೇ. ತರಬೇತಿ ಮತ್ತು ವೃತ್ತಿ ಸಲಹೆ ಮಾರುವುದನ್ನು ಕಾನೂನು ತಡೆಯಲಿಲ್ಲ, ಆದರೆ ಕಟ್ಟುಪಾಡು ಹಾಕಿತು. ಕರಾರು ಲಿಖಿತವಾಗಿರಬೇಕು. ಇದು ಕೆಲಸ ಕೊಡಿಸುವ ಒಪ್ಪಂದವಲ್ಲ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿರಬೇಕು. ಸಲಹೆ ಮಾರುವವರೂ 50 ಸಾವಿರ ಡಾಲರಿನ ಬಾಂಡ್ ಇಡಬೇಕು. ಸಹಿ ಹಾಕಿದ ಹತ್ತು ಕೆಲಸದ ದಿನಗಳೊಳಗೆ ಗಿರಾಕಿ ಮನಸ್ಸು ಬದಲಾಯಿಸಿದರೆ ಹಣ ವಾಪಸ್ ಕೊಡಬೇಕು. ತಪ್ಪಿದವರಿಗೆ ಹತ್ತು ಸಾವಿರ ಡಾಲರ್‌ವರೆಗೆ ದಂಡ, ಒಂದು ವರ್ಷದವರೆಗೆ ಜೈಲು, ಇಲ್ಲವೇ ಎರಡೂ. ರಾತ್ರಿಯೊಳಗೆ ತೀರ್ಮಾನಿಸಿ ಎಂಬ ಒತ್ತಡಕ್ಕೆ ಹತ್ತು ದಿನದ ಕಾಲಾವಕಾಶ ಒಳ್ಳೆಯ ಮದ್ದು. ಕಾರ್ಯಾಗಾರಗಳ ಮೇಲಿನ 2017ರ ಮೊಕದ್ದಮೆಗೆ ಆಧಾರವಾದದ್ದೂ ಇದೇ ಕಾನೂನು.

ಹಾಗಾದರೆ ಮುಂಗಡ ಪಡೆಯದೆ ಶೇಕಡಾವಾರು ಪಡೆಯುವವರೆಲ್ಲ ನಂಬಿಕಸ್ಥರೇ? ಅದೂ ಇಲ್ಲ. ದೊಡ್ಡ ಏಜೆನ್ಸಿಗಳು ದಶಕಗಳಿಂದ ‘ಪ್ಯಾಕೇಜಿಂಗ್’ ಎಂಬ ಪದ್ಧತಿ ನಡೆಸುತ್ತಿದ್ದವು. ತಮ್ಮಲ್ಲಿರುವ ಬರಹಗಾರ, ನಿರ್ದೇಶಕ, ನಟರನ್ನು ಒಟ್ಟುಗೂಡಿಸಿ ಒಂದು ಟಿವಿ ಸರಣಿಯಾಗಿ ಸ್ಟುಡಿಯೊಗೆ ಒಪ್ಪಿಸುವುದು, ಕಲಾವಿದರಿಂದ ಶೇ 10 ಪಡೆಯುವ ಬದಲು ಸ್ಟುಡಿಯೊದಿಂದಲೇ ಶುಲ್ಕ ಮತ್ತು ಲಾಭದ ಪಾಲು ಪಡೆಯುವುದು. ಬರಹಗಾರನ ಸಂಭಾವನೆ ಹೆಚ್ಚಾದರೆ ಏಜೆನ್ಸಿಗೆ ಲಾಭವಿಲ್ಲ. ಸರಣಿಯ ಖರ್ಚು ಕಡಿಮೆಯಾದರೆ ಅದರ ಲಾಭದ ಪಾಲು ಏರುತ್ತದೆ. ‘ದಿ ವೈರ್’ ಸರಣಿಯ ಕರ್ತೃ ಡೇವಿಡ್ ಸೈಮನ್, ತನ್ನ ಮೊದಲ ಪುಸ್ತಕದ ಹಕ್ಕು ಮಾರಿಕೊಟ್ಟ ಏಜೆನ್ಸಿಯೇ ಎದುರು ಕಡೆಯವರನ್ನೂ ಪ್ರತಿನಿಧಿಸುತ್ತಿತ್ತೆಂದು ಎಷ್ಟೋ ಕಾಲದ ಮೇಲೆ ತಿಳಿದದ್ದನ್ನು 2019ರಲ್ಲಿ ಸಿಟ್ಟಿನಿಂದ ಬರೆದರು.

ಅದೇ ವರ್ಷದ ಏಪ್ರಿಲ್‌ನಲ್ಲಿ ಅಮೆರಿಕದ ಬರಹಗಾರರ ಸಂಘ ತನ್ನ ಸದಸ್ಯರಿಗೆ ಕರೆ ಕೊಟ್ಟಿತು: ಹೊಸ ನೀತಿಸಂಹಿತೆಗೆ ಸಹಿ ಹಾಕದ ಏಜೆಂಟರನ್ನು ಬಿಡಿ. ಏಳು ಸಾವಿರಕ್ಕೂ ಹೆಚ್ಚು ಬರಹಗಾರರು ತಮ್ಮ ಏಜೆಂಟರನ್ನು ಬಿಟ್ಟರು. ಜಗಳ ಸುಮಾರು ಎರಡು ವರ್ಷ ಎಳೆಯಿತು. 2021ರ ಫೆಬ್ರುವರಿಯಲ್ಲಿ ಕೊನೆಯ ದೊಡ್ಡ ಏಜೆನ್ಸಿಯೂ ಸಹಿ ಹಾಕಿತು, ಪ್ಯಾಕೇಜ್ ಶುಲ್ಕಕ್ಕೆ 2022ರ ಜೂನ್ ಅಂತ್ಯದ ಗಡುವು ಬಿತ್ತು. ಒಬ್ಬೊಬ್ಬ ಬರಹಗಾರ ಎದ್ದು ನಿಂತಿದ್ದರೆ ಕೆಲಸ ಕಳೆದುಕೊಳ್ಳುತ್ತಿದ್ದ. ಒಟ್ಟಾಗಿ ನಿಂತದ್ದರಿಂದ ಉದ್ಯಮವೇ ಬಗ್ಗಿತು.

ಮುಂಗಡ ಕೀಳುವವರು ಮತ್ತು ಪಾಲು ಪಡೆಯುವ ಏಜೆಂಟರ ನಡುವೆ ಒಂದು ವಿಶಾಲವಾದ, ಬಹುಮಟ್ಟಿಗೆ ಪ್ರಾಮಾಣಿಕವಾದ ವಲಯವಿದೆ: ಚಿತ್ರಕಥೆ ಓದಿ ವರದಿ ಕೊಡುವವರು, ಅಭಿನಯದ ತರಬೇತುದಾರರು, ಮಾತಿನ ಧಾಟಿ ತಿದ್ದುವವರು, ಕರಾರು ಓದಿ ಹೇಳುವ ವಕೀಲರು. ಇವರಿಗೆ ಮೊದಲೇ ಹಣ ಕೊಡುವುದರಲ್ಲಿ ತಪ್ಪಿಲ್ಲ, ಏಕೆಂದರೆ ಇವರು ಮಾರುವುದು ಶ್ರಮ ಮತ್ತು ತಿಳಿವಳಿಕೆ. ಫ್ರಾಂಕ್ಲಿನ್ ಲೆನರ್ಡ್ 2005ರಲ್ಲಿ, ಸಿನಿಮಾ ಆಗದೆ ಉಳಿದ ಒಳ್ಳೆಯ ಚಿತ್ರಕಥೆಗಳು ಯಾವುವೆಂದು ಉದ್ಯಮದವರನ್ನೇ ಕೇಳಿ ‘ದಿ ಬ್ಲ್ಯಾಕ್ ಲಿಸ್ಟ್’ ಎಂಬ ಪಟ್ಟಿ ಮಾಡಿದರು. 2012ರಲ್ಲಿ ಅದು, ಯಾರು ಬೇಕಾದರೂ ಶುಲ್ಕ ಕಟ್ಟಿ ಚಿತ್ರಕಥೆಯನ್ನು ಓದಿಸಿ ಅಂಕ ಪಡೆಯಬಹುದಾದ ಸೇವೆಯಾಗಿಯೂ ಬೆಳೆಯಿತು. ಯಾವ ಊರಿನವರಾದರೂ ಬರೆದದ್ದನ್ನು ಹಾಲಿವುಡ್‌ಗೆ ಮುಟ್ಟಿಸಬಹುದು ಎಂಬುದು ಅದರ ದೊಡ್ಡ ಲಾಭ. ಒಬ್ಬ ಓದುಗನ ಅಂಕದ ಮೇಲೆ ಮತ್ತೆ ಮತ್ತೆ ಹಣ ಸುರಿಯುವ ಚಟ ಹತ್ತಬಹುದು ಎಂಬುದು ಅದರ ಅಪಾಯ. ಶುಲ್ಕ ಕಟ್ಟಿದವರಿಗೆ ಸಿಗಬೇಕಾದದ್ದು ನಿಷ್ಠುರವಾದ ವರದಿ. ಹೊಗಳಿಕೆಯನ್ನೂ ಪರಿಚಯವನ್ನೂ ಮಾರುವ ಸಲಹೆಗಾರ ಆ ವಲಯದಿಂದ ಆಚೆಗೆ ಕಾಲಿಟ್ಟಂತೆ.

ಈಗ ನಮ್ಮ ಕಡೆಗೆ. ಭಾರತದಲ್ಲಿ ಕಲಾವಿದರ ಏಜೆಂಟರಿಗೆಂದೇ ಪರವಾನಗಿ ಕೊಡುವ, ಮುಂಗಡವನ್ನು ನಿಷೇಧಿಸುವ ಕ್ಯಾಲಿಫೋರ್ನಿಯದಂಥ ಕಾನೂನಿಲ್ಲ. ಕರ್ನಾಟಕದಲ್ಲಿ 2024ರಲ್ಲಿ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿ ಕಾಯ್ದೆ ಬಂದಿದೆ. ಟಿಕೆಟ್ ಮುಂತಾದವುಗಳ ಮೇಲೆ ಶೇ 1ರಿಂದ 2ರವರೆಗೆ ಸೆಸ್ ಹಾಕಿ ಕಾರ್ಮಿಕರ ಕಲ್ಯಾಣಕ್ಕೆ ನಿಧಿ ಕಟ್ಟುವುದು ಅದರ ಉದ್ದೇಶ, ಒಳ್ಳೆಯ ಹೆಜ್ಜೆ. ಆದರೆ ‘ಸೀರಿಯಲ್‌ನಲ್ಲಿ ಚಾನ್ಸ್ ಕೊಡಿಸ್ತೀನಿ, ರಿಜಿಸ್ಟ್ರೇಷನ್‌ಗೆ ಇಷ್ಟು, ಪೋರ್ಟ್‌ಫೋಲಿಯೊಗೆ ಇಷ್ಟು, ಆರ್ಟಿಸ್ಟ್ ಕಾರ್ಡ್‌ಗೆ ಇಷ್ಟು’ ಎನ್ನುವವರನ್ನು ಹಿಡಿಯಲು ಇರುವುದು ಸಾಮಾನ್ಯ ವಂಚನೆಯ ಕಲಮು ಮಾತ್ರ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನಡಿ ವಂಚಿಸಿ ಹಣ ಪಡೆದವರಿಗೆ ಏಳು ವರ್ಷದವರೆಗೆ ಶಿಕ್ಷೆ ಆಗಬಹುದು. ಆದರೆ ಅದು ಹಣ ಹೋದ ಮೇಲಿನ ಮಾತು. ಎಷ್ಟೋ ಮನೆಯವರು ಮರ್ಯಾದೆಗೆ ಅಂಜಿ ಠಾಣೆಯ ಕಡೆ ಮುಖ ಹಾಕುವುದಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಕಳೆದುಕೊಳ್ಳುವುದು ಹಣವಷ್ಟೇ ಆಗಿರುವುದಿಲ್ಲ.

ಕನ್ನಡದ ರಂಗ ಮತ್ತು ಚಿತ್ರಲೋಕದಲ್ಲಿ ಸಲಹೆ ಹಿಂದಿನಿಂದಲೂ ಗುರುಗಳ ರೂಪದಲ್ಲಿ, ಕಂಪನಿಯ ರೂಪದಲ್ಲಿ ಸಿಗುತ್ತಿತ್ತು. ರಾಜಕುಮಾರ್ ಪಳಗಿದ್ದು ಗುಬ್ಬಿ ಕಂಪನಿಯಲ್ಲಿ. ಕೆ.ವಿ. ಸುಬ್ಬಣ್ಣ 1949ರಲ್ಲಿ ಹೆಗ್ಗೋಡಿನಲ್ಲಿ ಕಟ್ಟಿದ ನೀನಾಸಂ, 1980ರಿಂದ ರಂಗಶಿಕ್ಷಣ ಕೊಡುತ್ತಾ ಬಂದಿದೆ. ಅಚ್ಯುತ್ ಕುಮಾರ್, ಸತೀಶ್ ನೀನಾಸಂ ಅಲ್ಲಿಂದ ಬಂದವರು. ಮೈಸೂರಿನಿಂದ ಬೆಂಗಳೂರಿಗೆ ಬಂದ ಯಶ್ ಬೆನಕ ತಂಡದಲ್ಲಿ ತೆರೆಮರೆಯ ಕೆಲಸ ಮಾಡುತ್ತಲೇ ರಂಗ ಕಲಿತರು. ಇಲ್ಲೆಲ್ಲ ಕಲಿಯುವವರು ತೆತ್ತದ್ದು ಮುಖ್ಯವಾಗಿ ಸಮಯ ಮತ್ತು ದುಡಿಮೆ. ಯಾರೂ ಪಾತ್ರದ ಭರವಸೆ ಮಾರಲಿಲ್ಲ.

ದುಡ್ಡು ಕೊಟ್ಟು ಪಡೆಯಲೇಬೇಕಾದ ಸಲಹೆಯೂ ಒಂದಿದೆ. ನಮ್ಮವರು ಅದಕ್ಕೇ ಹಿಂದೆಮುಂದೆ ನೋಡುತ್ತಾರೆ. 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಿನಿಮಾಕ್ಕೆ ಬರೆದ ಸಾಹಿತ್ಯ, ಮಾಡಿದ ಸಂಗೀತ ಚಿತ್ರಮಂದಿರದಾಚೆ ಬಳಕೆಯಾದಾಗ ಬರುವ ರಾಯಧನದಲ್ಲಿ ಕರ್ತೃವಿಗೆ ಸಮಪಾಲಿದೆ. ಅದನ್ನು ನಿರ್ಮಾಪಕರಿಗೆ ಬರೆದುಕೊಟ್ಟರೂ ಆ ಬರಹ ನಿಲ್ಲುವುದಿಲ್ಲ. ಈ ಕಾನೂನಿಗಾಗಿ ರಾಜ್ಯಸಭೆಯಲ್ಲಿ ದನಿ ಎತ್ತಿದವರು ಕವಿ ಜಾವೇದ್ ಅಖ್ತರ್. ಹೀಗಿದ್ದೂ ಮೊದಲ ಹಾಡು ಬರೆದ ಖುಷಿಯಲ್ಲಿ ಓದದೆಯೇ ಸಹಿ ಹಾಕುವವರು ಇಂದಿಗೂ ಇದ್ದಾರೆ. ಪೋರ್ಟ್‌ಫೋಲಿಯೊಗೆ ಹತ್ತಾರು ಸಾವಿರ ಸುರಿಯುವ ಮನೆಯವರು ಕರಾರನ್ನು ಒಬ್ಬ ವಕೀಲರಿಗೆ ತೋರಿಸಲು ಕೆಲವು ಸಾವಿರ ಖರ್ಚು ಮಾಡುವುದಿಲ್ಲ. ಇದು ತಲೆಕೆಳಗಾದ ಲೆಕ್ಕ.

ಎಲ್ಲವನ್ನೂ ಮುಂದಿಟ್ಟುಕೊಂಡು ನೋಡಿದರೆ ತೀರ್ಮಾನ ಇಷ್ಟು. ಕಲಿಸುವವರಿಗೆ, ಓದಿ ಹೇಳುವವರಿಗೆ, ಕರಾರು ಪರಿಶೀಲಿಸುವವರಿಗೆ ರಸೀದಿ ಪಡೆದು ಧಾರಾಳವಾಗಿ ಹಣ ಕೊಡಬಹುದು. ಕೆಲಸ ಕೊಡಿಸುವವರಿಗೆ ಕೊಡಬೇಕಾದದ್ದು ಕೆಲಸ ಸಿಕ್ಕಿ ಸಂಭಾವನೆ ಕೈಗೆ ಬಂದ ಮೇಲೆ, ಅದರಿಂದಲೇ. ಪಾತ್ರದ ಆಸೆ ತೋರಿಸಿ ಮೊದಲೇ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬಾರದು.

ಇದನ್ನು ಮನೆಮನೆಯ ಎಚ್ಚರಕ್ಕೆ ಬಿಟ್ಟು ಸರ್ಕಾರವೂ ಚಲನಚಿತ್ರ ವಾಣಿಜ್ಯ ಮಂಡಳಿಯೂ ಸುಮ್ಮನಿರುವುದು ಸರಿಯಲ್ಲ. ಕಲಾವಿದರನ್ನು ಪ್ರತಿನಿಧಿಸುವವರ ನೋಂದಣಿ, ಆಡಿಷನ್‌ಗೆ ಹಣ ಪಡೆಯುವುದರ ಮೇಲೆ ಸ್ಪಷ್ಟ ನಿಷೇಧ, ಸಹಿ ಹಾಕಿದ ಹತ್ತು ದಿನದೊಳಗೆ ಹಣ ವಾಪಸ್ ಪಡೆಯುವ ಹಕ್ಕು: ಈ ಮೂರನ್ನಾದರೂ ಕರ್ನಾಟಕ ಕಾನೂನಾಗಿ ತರಬೇಕು. ಅಲ್ಲಿಯವರೆಗೆ, ಆನ್‌ಲೈನ್‌ನಲ್ಲಿ ಹಣ ಕಳುಹಿಸಿ ಮೋಸಹೋದವರು ನಾಚಿಕೆಪಡದೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಲಿ. ಬೇಗ ತಿಳಿಸಿದಷ್ಟೂ ಹಣ ಕೈದಾಟುವ ಮುನ್ನ ತಡೆಯಲು ಅವಕಾಶ ಹೆಚ್ಚು.